ಅತ್ತೆಯ ಹೊಟ್ಟೆಗೆ ಅತ್ತೆಯದೇ ಕೈ

ನಮ್ಮ ಬೀದಿಯವರು ನಮ್ಮ ಮನೆಯ ಬಗ್ಗೆ ಏನು ಆಡಿಕೊಳ್ಳುತ್ತಾರೆ ಎನ್ನುವುದು ನನಗೆ ಗೊತ್ತಿದೆ. ಮಗ ಇದ್ದಾನೆ, ಸೊಸೆ ಇದ್ದಾಳೆ, ಮಗಳು ಬೇರೆ ಇದ್ದಾಳೆ. ಆದರೂ ಕಿಡ್ನಿ ಹೋದ ಆ ಮುದುಕಿ ತನ್ನ ಹೊಟ್ಟೆಗೆ ತಾನೇ ನೀರು ತುಂಬಿಸಿ ತಾನೇ ಇಳಿಸಿಕೊಳ್ಳುತ್ತಾಳೆ, ಮಕ್ಕಳು ಬಾಗಿಲ ಹೊರಗೆ ಆರಾಮಾಗಿರುತ್ತಾರೆ ಎನ್ನುತ್ತಾರೆ. ಎನ್ನಲಿ. ಆರಾಮಾಗಿರುತ್ತಾರೆ ಎನ್ನುವುದೊಂದು ಬಿಟ್ಟರೆ ಉಳಿದದ್ದೆಲ್ಲ ನಿಜ. ನಾನಂತೂ ಮದುವೆಯಾಗಿ ಖೋನ್ ಕೇನ್ ಪೇಟೆಯಿಂದ ಈ ಊರಿಗೆ ಬಂದಾಗಿನಿಂದ ಒಂದು ದಿನವೂ ಆರಾಮಾಗಿ ಕೂತವಳಲ್ಲ. ಆದರೆ ಆ ಬಾಗಿಲು ಒಳಗಿನಿಂದ ಯಾಕೆ ಚಿಲಕ ಹಾಕಿಕೊಳ್ಳುತ್ತದೆ ಎಂದು ಆಡಿಕೊಳ್ಳುವವರು ಒಮ್ಮೆ ಕೇಳಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಅತ್ತೆಯ ಹೆಸರು ತೊಂಗ್ಮಾ. ತಾಲ್ಲೂಕು ಕಚೇರಿಗೆ ಹೋಗುವ ರಸ್ತೆಯಲ್ಲಿ, ನಮ್ಮ ಮನೆಯ ಮುಂದೆಯೇ, ತಗಡಿನ ಮಾಡಿನ ಕೆಳಗೆ ಅವರ ಪರಂಗಿಕಾಯಿ ಅಂಗಡಿ. ಎಳೆ ಪರಂಗಿಕಾಯಿಯನ್ನು ಎಳೆ ಎಳೆಯಾಗಿ ಕೊಚ್ಚಿ, ಮಣ್ಣಿನ ಒರಳಿಗೆ ಹಾಕಿ, ಮೆಣಸಿನಕಾಯಿ, ನಿಂಬೆ, ಹುದುಗಿಸಿದ ಮೀನಿನ ರಸ ಸೇರಿಸಿ ಕುಟ್ಟಿ ಕೊಡುತ್ತಾರೆ. ಕಚೇರಿಯ ಗುಮಾಸ್ತರಿಂದ ಶಾಲೆಯ ಹುಡುಗಿಯರವರೆಗೆ ಎಲ್ಲರಿಗೂ ಅವರು ಯಾಯ್, ಎಂದರೆ ಅಜ್ಜಿ. ಎಲ್ಲರಿಗೂ ಅವರ ಬೈಗುಳವೂ ಬೇಕು.

"ಯಾಯ್, ನನಗೆ ಒಂದೇ ಮೆಣಸಿನಕಾಯಿ."

"ಒಂದಾ? ತಿನ್ನೋಕಾ, ಮೂಸಿ ನೋಡೋಕಾ? ಒಂದು ಮೆಣಸಿನಕಾಯಿಗೆಲ್ಲ ನಾನು ತೋಳು ನೋಯಿಸ್ಕೊಳ್ಳಲ್ಲ. ಹೋಗು, ಐಸ್‌ಕ್ರೀಮ್ ತಿನ್ನು."

ಬೈಸಿಕೊಂಡವನು ನಕ್ಕು ಅಲ್ಲೇ ಕೂರುತ್ತಿದ್ದ.

ರಕ್ತದೊತ್ತಡ ಅವರ ಕಿಡ್ನಿಯನ್ನು ಯಾವಾಗಿನಿಂದ ತಿನ್ನುತ್ತಿತ್ತೋ ಯಾರಿಗೂ ತಿಳಿಯಲಿಲ್ಲ. ಪಾದ ಊದಿದರೆ ನಿಂತು ನಿಂತು ಊದಿದೆ ಎನ್ನುತ್ತಿದ್ದರು. ಕೊನೆಗೆ ಪ್ರಾಂತ್ಯದ ದೊಡ್ಡ ಆಸ್ಪತ್ರೆಯಲ್ಲಿ ಎರಡು ದಾರಿ ಹೇಳಿದರು. ಒಂದೋ ವಾರದಲ್ಲಿ ಮೂರು ದಿನ ಅಲ್ಲಿಗೆ ಬಂದು ಯಂತ್ರದ ಪಕ್ಕ ಮಲಗಬೇಕು. ಇಲ್ಲವೇ ಹೊಟ್ಟೆಗೆ ನಳಿಕೆ ಹಾಕಿಸಿಕೊಂಡು ಮನೆಯಲ್ಲೇ ದಿನಕ್ಕೆ ನಾಲ್ಕು ಸಲ ಹಳೆಯ ನೀರನ್ನು ಇಳಿಸಿ, ಔಷಧದ ಹೊಸ ನೀರನ್ನು ಚೀಲದಿಂದ ಹೊಟ್ಟೆಗೆ ಬಿಟ್ಟುಕೊಳ್ಳಬೇಕು. ಅತ್ತೆ ಯೋಚಿಸಲೇ ಇಲ್ಲ.

"ವಾರಕ್ಕೆ ಮೂರು ದಿನ ನಾನಿಲ್ಲಿ ಮಲ್ಕೊಂಡ್ರೆ ನನ್ನ ಗಿರಾಕಿಗಳಿಗೆ ಬೈಯೋರು ಯಾರು? ಹೊಟ್ಟೆಗೇ ಹಾಕಿ."

ಕಲಿಯುವ ದಿನ ಅತ್ತೆಯ ಜೊತೆ ನಾವಿಬ್ಬರೂ ಹೋಗಿದ್ದೆವು: ನನ್ನ ನಾದಿನಿ ಕೇಸೊನ್, ಮತ್ತು ಕಂಕುಳಲ್ಲಿ ಮಗಳು ಇಮ್‌ಳನ್ನು ಎತ್ತಿಕೊಂಡ ನಾನು. ಕೇಸೊನ್ ನನ್ನ ಗಂಡ ಡೇಚಾನಿಗೆ ಅಕ್ಕ. ಆಗ ಪಕ್ಕದೂರಿನಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದಳು, ಕಣ್ಣೀರು ರೆಪ್ಪೆಯಲ್ಲೇ ಇರುತ್ತದೆ. ಕಲಿಸುವ ನರ್ಸ್ ಸಿರಿಲಕ್ ಕುಳ್ಳಗಿನ ಹೆಂಗಸು. ಮೇಜಿನ ಮೇಲೆ ನಳಿಕೆ ಹೊಲಿದ ಒಂದು ಬಟ್ಟೆಯ ಹೊಟ್ಟೆ ಇಟ್ಟಿದ್ದರು. ಕೇಸೊನ್ ಆಗಲೇ ತೋಳು ಮಡಚಿ ಕೈ ತೊಳೆದು ಮುಂದೆ ಬಂದು ನಿಂತಿದ್ದಳು.

"ನೀವು ಕೂತ್ಕೊಳ್ಳಿ," ಎಂದರು ಸಿರಿಲಕ್.

"ನಾನು ಮಗಳು. ನಾನೇ ಮಾಡೋದು. ಅಮ್ಮ ಎದೆಹಾಲು ಕೊಟ್ಟಿದ್ದಾರೆ, ಆ ಋಣ..."

"ಋಣ ಆಮೇಲೆ ತೀರಿಸಿ. ಯಾಯ್, ಇದು ಯಾರ ಹೊಟ್ಟೆ?"

"ಬಟ್ಟೇದಲ್ವಾ?"

"ಬಟ್ಟೇದಲ್ಲಮ್ಮ, ನಳಿಕೆ ಹಾಕಿರೋ ಹೊಟ್ಟೆ!"

"ನಂದು."

"ನಿಮ್ಮ ಕೈಗೆ ಏನಾಗಿದೆ?"

"ಏನೂ ಆಗಿಲ್ಲ. ನಿನ್ನೆ ಕೂಡ ಒಂದು ಬುಟ್ಟಿ ಪರಂಗಿಕಾಯಿ ಕೊಚ್ಚಿದೀನಿ."

"ಹಾಗಾದ್ರೆ ನೀವು ಬನ್ನಿ. ಮಗಳು, ಸೊಸೆ ಇಬ್ರೂ ಅಲ್ಲಿ ಕೂತು ನೋಡ್ತಿರಿ."

ಕೇಸೊನ್‌ಳ ಮುಖ ಚಿಕ್ಕದಾಯಿತು. ಸಿರಿಲಕ್ ಅದನ್ನು ನೋಡಿ, ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಹೇಳಿದರು. "ಕೇಳಿ ತಂಗಿ. ನಮಗೆ ಕಾಲೇಜಲ್ಲಿ ಒಂದು ಸಿದ್ಧಾಂತ ಓದಿಸ್ತಾರೆ, ಅಮೆರಿಕದ ಒಬ್ಬ ನರ್ಸಮ್ಮ ಕಟ್ಟಿದ್ದು. ತನ್ನ ಮೈ ತಾನು ನೋಡ್ಕೊಳ್ಳೋದು ಮನುಷ್ಯನ ಸ್ವಭಾವ ಅಂತ ಅವರು ಹೇಳೋದು. ಕಾಯಿಲೆ ಬಂದಾಗ ಎಷ್ಟು ಅವರ ಕೈಲಾಗಲ್ವೋ ಅಷ್ಟನ್ನ ಮಾತ್ರ ನಾವು ತುಂಬಬೇಕು. ಎಚ್ಚರ ತಪ್ಪಿ ಮಲಗಿದ್ರೆ ಪೂರ್ತಿ ನಾವೇ. ಅರ್ಧ ಆಗುತ್ತೆ ಅಂದ್ರೆ ಮಿಕ್ಕರ್ಧ ನಾವು. ಎಲ್ಲಾ ಆಗುತ್ತೆ, ಗೊತ್ತಿಲ್ಲ ಅಷ್ಟೇ ಅಂದ್ರೆ, ಹೇಳ್ಕೊಟ್ಟು ಪಕ್ಕಕ್ಕೆ ಸರೀಬೇಕು."

"ಪಕ್ಕಕ್ಕೆ ಸರಿಯೋದನ್ನ ಕಲಿಯೋಕೆ ಕಾಲೇಜಿಗೆ ಹೋಗ್ಬೇಕಾ?" ಎಂದರು ಅತ್ತೆ.

"ಅದೇ ಕಷ್ಟದ ಪಾಠ ಯಾಯ್. ಪರೀಕ್ಷೆಲಿ ಬರ್ದು ಮರ್ತಿದ್ದೆ. ನಮ್ಮಪ್ಪಂಗೆ ಲಕ್ವ ಹೊಡೀತು. ಎಡಗೈ ಚೆನ್ನಾಗೇ ಇತ್ತು, ಆದ್ರೂ ಪ್ರೀತಿ ಅಂತ ನಾನೇ ತುತ್ತು ಮಾಡಿ ಬಾಯಿಗಿಟ್ಟೆ. ವರ್ಷ ತುಂಬೋದ್ರೊಳಗೆ ಆ ಕೈನೂ ಸುಮ್ಮನಾಯ್ತು. ಅದನ್ನ ಸುಮ್ಮನಾಗಿಸಿದ್ದು ಲಕ್ವ ಅಲ್ಲ."

ಅತ್ತೆ ಎದ್ದು ಕೈ ತೊಳೆಯಲು ಹೋದರು. ಉಗುರಿನ ಸಂದು, ಬೆರಳಿನ ಸಂದು, ಮಣಿಕಟ್ಟು. ಬಳೆ ತೆಗೆಯಬೇಕು, ಉಂಗುರ ತೆಗೆಯಬೇಕು, ಗಡಿಯಾರ ತೆಗೆಯಬೇಕು. ಬಾಯಿ ಮೂಗಿಗೆ ಮಾಸ್ಕ್. ಫ್ಯಾನ್ ಆಫ್. ನಳಿಕೆಯ ತುದಿ ಯಾವುದನ್ನೂ ಮುಟ್ಟಕೂಡದು, ಗಾಳಿಯನ್ನು ಬಿಟ್ಟು. ಮುಟ್ಟಿದರೆ ಅಲ್ಲಿಂದ ಸೋಂಕು ನೇರವಾಗಿ ಹೊಟ್ಟೆಯೊಳಗೆ. ಕೇಳುತ್ತಾ ಕೇಳುತ್ತಾ ನನಗೆ ಬೆವರಿತು. ಅಂಬೆಗಾಲಿಡುವ ಕೂಸಿರುವ ಮನೆ ನಮ್ಮದು. ಹಿತ್ತಲಲ್ಲಿ ಕೋಳಿ, ಮುಂದೆ ಮೀನಿನ ರಸ.

ಆ ಕೆಲಸಕ್ಕೆಂದೇ ಮಲಗುವ ಮನೆಯ ಮೂಲೆಯೊಂದನ್ನು ಡೇಚಾ ಗೋಡೆ ಕಟ್ಟಿ ಬೇರೆ ಮಾಡಿದ. ಒಂದು ಕಿಟಕಿ, ಒಂದು ನೀರಿನ ನಲ್ಲಿ, ಚೀಲ ತೂಗುಹಾಕಲು ಮೊಳೆ, ಒಳಗೊಂದು ಚಿಲಕ. ನಾನು ದಿನಾ ಅದರ ನೆಲ ಒರೆಸುತ್ತಿದ್ದೆ. ಒರೆಸಿದ್ದು ಸಾಲದೆಂದು ಮತ್ತೆ ಒರೆಸುತ್ತಿದ್ದೆ.

"ಏ ಮೊಟ್, ಸಿಮೆಂಟು ಸವೆದು ಹೋಗುತ್ತೆ," ಎಂದು ಅತ್ತೆ ನಗುತ್ತಿದ್ದರು. ಮನೆಯಲ್ಲಿ ನನ್ನನ್ನು ಕರೆಯುವ ಹೆಸರು ಮೊಟ್, ಎಂದರೆ ಇರುವೆ. ಹೆಸರಿಗೆ ತಕ್ಕ ಸೊಸೆ ಸಿಕ್ಕಳು ಎಂದು ಅವರು ಗಿರಾಕಿಗಳ ಮುಂದೆಯೂ ಹೇಳುತ್ತಿದ್ದರು.

ಇಳಿದ ನೀರು ತಿಳಿಯಾಗಿದೆಯೇ ಎಂದು ನೋಡಲು ಚೀಲದ ಕೆಳಗೆ ಅಚ್ಚಾದ ಹಾಳೆ ಇಟ್ಟು ಓದಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅತ್ತೆ ಇಡುತ್ತಿದ್ದದ್ದು ಲಾಟರಿ ಫಲಿತಾಂಶದ ಹಾಳೆ. ನೀರಿನ ಮೂಲಕ ಅಂಕಿ ಸ್ಪಷ್ಟ ಕಂಡರೆ ಒಳಗಿನಿಂದಲೇ ಕೂಗುತ್ತಿದ್ದರು. "ಮೊದಲ ಬಹುಮಾನ ನಂಗಲ್ಲ! ನೀರು ಚೆನ್ನಾಗಿದೆ!"

ಹಾಗೆ ಒಂದು ವರ್ಷ ನಡೆಯಿತು. ಬೆಳಿಗ್ಗೆ ಎದ್ದ ಕೂಡಲೆ ಒಂದು ಚೀಲ, ಮಧ್ಯಾಹ್ನದ ಗಿರಾಕಿ ಬರುವ ಮುಂಚೆ ಒಂದು, ಸಂಜೆ ಒಂದು, ಮಲಗುವಾಗ ಒಂದು. ಪಾದದ ಊತ ಇಳಿಯಿತು. ತಾವೇ ಕುಟ್ಟಿದ್ದನ್ನು ತಾವು ತಿನ್ನುವಂತಿರಲಿಲ್ಲ, ಉಪ್ಪು ವಿಷ. ನಾಲಿಗೆಗೆ ಮುಟ್ಟಿಸಿ ಉಗುಳುತ್ತಿದ್ದರು. ಅದನ್ನು ಕಂಡು ಕನಿಕರಪಟ್ಟವರಿಗೆ, "ನೀನು ನನ್ನ ಪಾಲಿಂದೂ ತಿಂದು ದುಡ್ಡು ಇಡು," ಎನ್ನುತ್ತಿದ್ದರು.

ಆಮೇಲೆ ಏಪ್ರಿಲ್‌ನ ನೀರಿನ ಹಬ್ಬ ಬಂತು. ಬಂಧುಬಳಗವೆಲ್ಲ ಸೇರಿತು. ಅತ್ತೆಯ ಅಕ್ಕ, ನಾವೆಲ್ಲ ದೊಡ್ಡಮ್ಮ ಎನ್ನುವವರು, ತಂಗಿಯ ಖ್ವಾನ್ ಕರೆಯಬೇಕು ಎಂದರು. ಖ್ವಾನ್ ಅಂದರೆ ಮೈಯಲ್ಲಿ ನೆಲೆಸಿರುವ ಜೀವದ ಕಳೆ. ಕಾಯಿಲೆಗೋ ಹೆದರಿಕೆಗೋ ಅದು ಮೈಬಿಟ್ಟು ಅಲೆಯಲು ಹೋದರೆ ಕರೆದು ಕರೆದು ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಉಳಿಸಿಕೊಳ್ಳುತ್ತೇವೆ. ಬಂದವರೆಲ್ಲ ಒಬ್ಬೊಬ್ಬರೂ ಒಂದೊಂದು ಎಳೆ ಕಟ್ಟಿದರು. ಅತ್ತೆಯ ಎರಡೂ ಕೈಗೆ ಮುಂಗೈಯ ಅರ್ಧದವರೆಗೆ ದಾರ. ಅದನ್ನು ಮೂರು ದಿನ ಬಿಚ್ಚುವಂತಿಲ್ಲ, ಕತ್ತರಿಸುವುದಂತೂ ಕಟ್ಟಿದವರ ಮುಖಕ್ಕೆ ಹೊಡೆದಂತೆ. ಹಬ್ಬವೋ ನೀರಿನದು. ಹಾದಿಯಲ್ಲಿ ಹೋಗುವ ಮಕ್ಕಳೆಲ್ಲ ಯಾಯ್ ಮೇಲೆ ನೀರು ಚೆಲ್ಲಿ ಆಶೀರ್ವಾದ ಕೇಳಿದವು. ದಾರ ಒಣಗಲೇ ಇಲ್ಲ.

ಹಬ್ಬ ಮುಗಿದ ಬೆಳಿಗ್ಗೆ ಒಳಗಿನಿಂದ ಕೂಗು ಬರಲಿಲ್ಲ. ನಾನು ಬಾಗಿಲಿಗೆ ಕಿವಿ ಕೊಟ್ಟೆ.

"ಅಮ್ಮಾ?"

"ಮೊಟ್, ಡೇಚಾನ್ನ ಗಾಡಿ ತೆಗೆಯೋಕೆ ಹೇಳು."

ಚೀಲದ ನೀರು ಅಕ್ಕಿ ತೊಳೆದ ನೀರಿನ ಹಾಗಿತ್ತು. ಅತ್ತೆ ಹೊಟ್ಟೆ ಹಿಡಿದುಕೊಂಡು ಎರಡಾಗಿ ಬಾಗಿದ್ದರು. ಡೇಚಾ ಶಾಲಾ ಮಕ್ಕಳನ್ನು ಒಯ್ಯುವ ವ್ಯಾನಿನಲ್ಲೇ ಅವರನ್ನು ಮಲಗಿಸಿ ಕರೆದೊಯ್ದ.

ಸೋಂಕಿಗೆ ಔಷಧ ಹಿಡಿಯಿತು. ಆದರೆ ಮನೆಗೆ ಕಳಿಸುವ ಮುನ್ನ ಎಳೆಯ ಡಾಕ್ಟರು ನಮ್ಮೆಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿ ಹೇಳಿದರು. ಹೀಗೆ ಇನ್ನೊಮ್ಮೆ ಆದರೆ ನಳಿಕೆ ತೆಗೆಯಬೇಕಾಗಬಹುದು. ಆಮೇಲೆ ಯಂತ್ರವೇ ಗತಿ. "ವಯಸ್ಸಾಗಿದೆ, ಕೈ ನಡುಗಿರುತ್ತೆ. ಇನ್ಮೇಲೆ ಮಗಳು ಮಾಡ್ಲಿ."

"ನನ್ನ ಕೈ ನಡುಗಿಲ್ಲ," ಎಂದರು ಅತ್ತೆ.

"ಯಾಯ್, ನಿಮಗೆ ಗೊತ್ತಾಗಲ್ಲ..."

"ದಾರ ಒದ್ದೆ ಇತ್ತು ಡಾಕ್ಟರೇ. ಕೈ ತೊಳೆದು ಒರೆಸ್ಕೊಂಡ್ರೂ ದಾರದಿಂದ ನೀರು ಬೆರಳಿಗಿಳೀತಿತ್ತು. ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ತೆಗೀಲಿಲ್ಲ?"

"ನೀವಾಗಿದ್ರೆ ತೆಗೀತಿದ್ರಾ?"

ಡಾಕ್ಟರ ಬಿಳಿ ಕೋಟಿನ ತೋಳಿನ ಕೆಳಗೆ, ಗಡಿಯಾರದ ಪಕ್ಕದಲ್ಲಿ, ಹಬ್ಬದ ದಾರ ಎರಡೆಳೆ ಇಣುಕುತ್ತಿತ್ತು. ಅವರು ತೋಳು ಎಳೆದುಕೊಂಡರು. ಸಿರಿಲಕ್ ಪಕ್ಕದಲ್ಲೇ ನಿಂತಿದ್ದರು. "ಬಳೆ ತೆಗೀರಿ ಅಂದೆ, ಉಂಗುರ ತೆಗೀರಿ ಅಂದೆ. ದಾರ ತೆಗೀರಿ ಅನ್ನೋದು ನನಗೆ ಹೊಳೀಲೇ ಇಲ್ಲ. ನಾವ್ಯಾರೂ ಅದನ್ನ ಒಂದು ವಸ್ತು ಅಂತ ನೋಡೇ ಇಲ್ಲ," ಎಂದರು. ಆಮೇಲೆ ಡಾಕ್ಟರ ಕಡೆ ತಿರುಗಿ, "ಇವರ ಕೈಯಲ್ಲಿ ಕೊರತೆ ಇಲ್ಲ ಸರ್. ಸುತ್ತ ಇರೋರು ಅದಕ್ಕೆ ಬಿಟ್ಟುಕೊಡಲ್ಲ, ಕೊರತೆ ಅಲ್ಲಿರೋದು," ಎಂದರು.

ಡಾಕ್ಟರಿಗೆ ಹತ್ತು ಮಂಚ ಕಾಯುತ್ತಿದ್ದವು. ಸದ್ಯಕ್ಕೆ ಮಗಳೇ ಮಾಡಲಿ, ನರ್ಸ್ ಮನೆಗೆ ಬಂದು ನೋಡಿ ಆಮೇಲೆ ತೀರ್ಮಾನಿಸಲಿ ಎಂದು ಹೇಳಿ ಹೋದರು.

ಕೇಸೊನ್ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಬ್ಯಾಗು ತುಂಬಿಕೊಂಡು ನಮ್ಮ ಮನೆಗೆ ಬಂದಳು. ಅವಳು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೈ ತೊಳೆದಳು, ಮಾಸ್ಕ್ ಹಾಕಿದಳು, ನಳಿಕೆ ಜೋಡಿಸಿದಳು. ಅತ್ತೆ ಮಲಗಿ ತಗಡಿನ ಮಾಡು ನೋಡುತ್ತಿದ್ದರು.

"ನೀರು ಹೇಗಿದೆ?"

"ಚೆನ್ನಾಗಿದೆಯಮ್ಮ, ನೀವು ಸುಮ್ನೆ ಮಲ್ಕೊಳ್ಳಿ."

"ತೋರಿಸು."

"ಚೆಲ್ಲಾಯ್ತು."

ಮಧ್ಯಾಹ್ನದ ಚೀಲ ಕೇಸೊನ್‌ಳ ಊಟ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಗಿರಾಕಿ ಬಂದು ಮುಚ್ಚಿದ ಅಂಗಡಿ ನೋಡಿ ಹೋಗಿರುತ್ತಿದ್ದರು. ಮಾತ್ರೆಯನ್ನೂ ಕೇಸೊನ್ ಬಾಯಿಗೇ ಇಡಲು ಶುರುಮಾಡಿದಳು. ಅತ್ತೆ ಬಾಯಿ ತೆರೆಯುತ್ತಿದ್ದರು. ಇಮ್‌ಗೆ ನಾನು ಗಂಜಿ ಉಣಿಸುವಾಗ ಅವಳಾದರೂ ಚಮಚ ಕಿತ್ತುಕೊಳ್ಳಲು ನೋಡುತ್ತಾಳೆ. ಅತ್ತೆ ಅದನ್ನೂ ಮಾಡಲಿಲ್ಲ. ಸೋಂಕಿಗೆ ಹೆದರಿ ನಿದ್ದೆಗೆಟ್ಟವಳು ನಾನು. ಮಗಳೇ ಮಾಡಲಿ ಎಂದು ಡಾಕ್ಟರು ಹೇಳಿದಾಗ ಒಳಗೊಳಗೇ ನೆಮ್ಮದಿಯ ಉಸಿರುಬಿಟ್ಟವಳೂ ನಾನೇ. ಆದರೆ ಒಬ್ಬ ಗಿರಾಕಿ ಬೇಲಿಯಾಚೆ ನಿಂತು, "ಯಾಯ್, ಬದುಕಿದೀರಾ?" ಎಂದು ಕೂಗಿದಾಗ ಅತ್ತೆ ಬೈಯಲಿಲ್ಲ. ಗೋಡೆಯ ಕಡೆ ಮಗ್ಗುಲಾದರು.

ದೊಡ್ಡಮ್ಮ ಬಂದು ನೋಡಿ ತಲೆಯಾಡಿಸಿದರು. "ಇವಳು ಬೈತಾನೇ ಇಲ್ಲ. ಖ್ವಾನ್ ಆಸ್ಪತ್ರೇಲೇ ಉಳ್ಕೊಂಡಿದೆ. ಕರೆಸ್ಬೇಕು."

ಮತ್ತೆ ಎಲ್ಲರೂ ಸೇರಿದರು. ಬಾಳೆಲೆಯ ಗೋಪುರ ಕಟ್ಟಿ ಹೂ ಚುಚ್ಚಿ ನಡುವೆ ಇಟ್ಟರು. ಬೇಯಿಸಿದ ಮೊಟ್ಟೆ, ಅಂಟನ್ನದ ಉಂಡೆ, ಬಾಳೆಹಣ್ಣು. ಮಂತ್ರ ಹೇಳುವ ಮುದುಕ ತಾ ಕೇನ್ ಬಂದು ಚಾಪೆಯ ಮೇಲೆ ಕೂತ. ತಾ ಎಂದರೆ ಅಜ್ಜ. ಗದ್ದೆ ದಾಟಿ ಬಾ, ಕಾಡು ದಾಟಿ ಬಾ, ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದರೆ ಎದ್ದು ಬಾ ಎಂದು ನಮ್ಮ ಸೀಮೆಯ ಲಾವೋ ಮಾತಿನಲ್ಲಿ ಖ್ವಾನನ್ನು ಕರೆದ. ದಾರ ಕಟ್ಟಿದರು. ಅತ್ತೆಗೆ ಕಟ್ಟಿದ ಮೇಲೆ, ಶುಶ್ರೂಷೆ ಮಾಡುವ ಮಗಳಿಗೂ ಪುಣ್ಯ ಬರಲಿ ಎಂದು ಕೇಸೊನ್‌ಳ ಕೈಗೂ ಕಟ್ಟಿದರು. ಅವಳ ಮಣಿಕಟ್ಟೂ ಬಿಳಿಯಾಯಿತು.

ಊಟಕ್ಕೆ ಕೂರುವ ಹೊತ್ತು, ಚೀಲದ ಹೊತ್ತೂ ಆಗಿತ್ತು. ಕೇಸೊನ್ ಎದ್ದು ಸೆರಗು ಸಿಕ್ಕಿಸುವಂತೆ ತನ್ನ ಲುಂಗಿ ಬಿಗಿಮಾಡಿಕೊಂಡಳು. "ಬನ್ನಿ ಅಮ್ಮ, ಬೇಗ ಮುಗಿಸೋಣ."

ಅತ್ತೆ ಅವಳ ಕೈ ನೋಡಿದರು. "ಬಿಚ್ಚು."

"ಏನಮ್ಮ?"

"ದಾರ ಬಿಚ್ಚಿ ಒಳಗೆ ಬಾ."

"ಈಗಷ್ಟೇ ಕಟ್ಟಿದ್ದಾರೆ! ದೊಡ್ಡಮ್ಮ ಕೂತಿದ್ದಾರೆ, ತಾ ಕೂತಿದ್ದಾರೆ, ಅವರೆದುರಿಗೆ ಹೇಗಮ್ಮ? ಒಣಗೇ ಇದೆ. ಮೇಲೆ ಪ್ಲಾಸ್ಟಿಕ್ ಸುತ್ಕೊಳ್ತೀನಿ."

"ನಾನೂ ಹೀಗೇ ಅಂದ್ಕೊಂಡೆ ಕಣೇ. ಅವರೆದುರಿಗೆ ಹೇಗೆ ಅಂತ. ಅವರ ಮುಖ ಉಳೀತು, ನನ್ನ ಹೊಟ್ಟೆ ಕೊಳೀತು."

ಚಾಪೆಯ ಮೇಲಿದ್ದವರೆಲ್ಲ ಅನ್ನದ ಬುಟ್ಟಿಯಲ್ಲೇ ಕೈ ಬಿಟ್ಟು ತಲೆಯೆತ್ತಿ ನೋಡಿದರು. ಕೇಸೊನ್‌ಳ ಕಣ್ಣು ತುಂಬಿತು. ಅತ್ತೆ ಮೆಲ್ಲಗೆ ಎದ್ದರು. ಗೋಡೆ ಹಿಡಿದರು. ನಾನು ಮುಂದೆ ಹೋದೆ. ಕಣ್ಣಲ್ಲೇ ತಡೆದರು. ಸೀದಾ ಅಂಗಡಿಗೆ ನಡೆದು, ಪ್ಲಾಸ್ಟಿಕ್ ಕವರಿನ ಬಾಯಿ ಕತ್ತರಿಸುವ ಕತ್ತರಿ ತಂದರು. ಎಲ್ಲರೆದುರಿಗೆ ನಿಂತು ಎಡಗೈಯ ದಾರದ ಕೆಳಗೆ ಕತ್ತರಿಯ ಬಾಯಿ ತೂರಿಸಿದರು.

"ಏಯ್ ತೊಂಗ್ಮಾ!" ದೊಡ್ಡಮ್ಮ ಎದೆ ಹೊಡೆದುಕೊಂಡರು. "ಖ್ವಾನ್ ಓಡಿಹೋಗುತ್ತೆ ಕಣೇ!"

"ಓಡ್ಲಿ. ಬಾಗಿಲು ಚಿಲಕ ಹಾಕಿರ್ತೀನಿ, ಕಿಟಕಿ ಮುಚ್ಚಿರ್ತೀನಿ, ಫ್ಯಾನ್ ಕೂಡ ಆಫ್ ಮಾಡಿರ್ತೀನಿ. ಎಲ್ಲಿಗೆ ಓಡುತ್ತೆ?"

ಕತ್ತರಿಸಿಯೇಬಿಟ್ಟರು. ಎಡಗೈ, ಆಮೇಲೆ ಎಡಗೈಯಲ್ಲೇ ಕತ್ತರಿ ಹಿಡಿದು ಬಲಗೈ. ದಾರದ ಕಂತೆಯನ್ನು ಎಸೆಯಲಿಲ್ಲ, ಬಾಳೆಲೆಯ ಗೋಪುರದ ಬುಡದಲ್ಲಿಟ್ಟು ಕೈಮುಗಿದರು. "ಅಕ್ಕ, ನೀನು ಕಟ್ಟಿದ್ದು ಬೇಡ ಅಂತಲ್ಲ. ಇದನ್ನ ಕೈಲಿಟ್ಕೊಂಡು ನಾನು ಸಾಯಲ್ಲ, ಅಷ್ಟೇ." ಕೇಸೊನ್ ಕಡೆ ತಿರುಗಿದರು. "ನೀನು ಉಣ್ಣು."

ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಕೇಸೊನ್ ಬಾಗಿಲು ಬಡಿದಳು. "ಅಮ್ಮಾ, ಡಾಕ್ಟರು ನನಗೆ ಹೇಳಿದ್ದು! ಏನಾದ್ರೂ ಆದ್ರೆ ಊರೆಲ್ಲ ನನಗೆ ಉಗಿಯುತ್ತೆ!"

"ಉಗಿಯೋರ್ನ ಅಂಗಡಿಗೆ ಕಳ್ಸು, ನಾನು ವಿಚಾರಿಸ್ಕೊಳ್ತೀನಿ. ಬಾಗಿಲು ಬಡೀಬೇಡ, ಧೂಳು ಉದುರುತ್ತೆ!"

ದೊಡ್ಡಮ್ಮ ತಾ ಕೇನ್‌ನ ಕಡೆ ನೋಡಿದರು, ನೀನಾದರೂ ಏನಾದರೂ ಹೇಳು ಎನ್ನುವಂತೆ. ತಾ ಕೇನ್ ಮೊಟ್ಟೆ ಸುಲಿಯುತ್ತಿದ್ದ. "ಬಂದ ಖ್ವಾನ್ ಇದೇ ಅಲ್ವಾ," ಎಂದ. "ಆಸ್ಪತ್ರೆಯಿಂದ ಬಂದ್ಮೇಲೆ ಇವಳು ಬೈತಾನೇ ಇಲ್ಲ ಅಂತ ನೀವೇ ಅಲ್ವಾ ಹೇಳಿದ್ದು?" ಒಬ್ಬಿಬ್ಬರು ನಕ್ಕರು. ದೊಡ್ಡಮ್ಮ ನಗಲಿಲ್ಲ.

ನಾನು ಇಮ್‌ಳನ್ನು ತೊಡೆಗೆ ಒತ್ತಿಕೊಂಡು ಬಾಗಿಲಿನ ಎದುರೇ ಕೂತೆ. ಒಳಗೆ ನಲ್ಲಿಯ ನೀರು ಸುರಿಯುವ ಸದ್ದು, ನಿಂತ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಳಿಕೆಯ ತುದಿ ಗೋಡೆಗೆ ತಾಗಿತೇ, ತಲೆಸುತ್ತು ಬಂದು ಬಿದ್ದರೇ, ಮುಚ್ಚಳ ಕೈತಪ್ಪಿ ನೆಲಕ್ಕುರುಳಿ ಅದನ್ನೇ ಎತ್ತಿ ಹಾಕಿಕೊಂಡರೇ... ನನ್ನ ತಲೆಯಲ್ಲಿ ಬಾರದ ಕೆಡುಕಿಲ್ಲ. ಎದ್ದು ಕೂಗಬೇಕೆನಿಸಿತು, ಕೂಗಲಿಲ್ಲ. ಕೇಸೊನ್ ನನ್ನ ಪಕ್ಕ ಕುಸಿದು ಕೂತು ಮೂಗು ಒರೆಸಿಕೊಂಡಳು.

"ಮೊಟ್, ನೀನಾದ್ರೂ ಹೇಳೇ. ಮಗಳಾಗಿ ನಾನು ಮಾಡ್ಬೇಕಾದ್ದು ಇದೇ ಅಲ್ವಾ?"

"ಅಕ್ಕ, ನಂಗೂ ಭಯ ಇದೆ," ಎಂದೆ. "ಆದ್ರೆ ನೀವು ಬಂದ ಮೇಲೆ ಅಮ್ಮ ಒಂದ್ಸಲನಾದ್ರೂ ಬೈದಿದಾರಾ? ಇವತ್ತು ಬೈದ್ರು ನೋಡಿ."

ಅವಳು ತನ್ನ ಮಣಿಕಟ್ಟಿನ ದಾರ ನೋಡಿಕೊಂಡಳು.

ಚಿಲಕ ಸರಿಯಿತು. ಅತ್ತೆ ಇಳಿದ ನೀರಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದರು. ಅದನ್ನು ದೊಡ್ಡಮ್ಮನ ಎದುರು ಚಾಪೆಯ ಪಕ್ಕದಲ್ಲಿಟ್ಟು ಕೆಳಗೆ ಲಾಟರಿಯ ಹಾಳೆ ತೂರಿಸಿದರು. ಊಟದೆದುರು ಇದೇನಿದು ಎಂದು ಯಾರೋ ಗೊಣಗಿದರು.

"ಓದಕ್ಕ. ಕೊನೇ ಎರಡಂಕಿ ಏನು?"

ದೊಡ್ಡಮ್ಮ ಮುಖ ತಿರುಗಿಸಿದರು. ಡೇಚಾ ಬಗ್ಗಿ ನೋಡಿ ಓದಿದ. ಅಂಕಿ ಒಂದೂ ಮಸುಕಾಗಿರಲಿಲ್ಲ.

ಅತ್ತೆ ಕೂತು ಅನ್ನದ ಬುಟ್ಟಿ ಎಳೆದುಕೊಂಡರು. ಉಪ್ಪಿಲ್ಲದ ಮೀನಿನ ತುಂಡು ಅವರಿಗೆಂದು ಬೇರೆ ಇಟ್ಟಿದ್ದೆ. ತಿನ್ನುತ್ತಲೇ ಮಾತಾಡಿದರು. "ಆ ನರ್ಸಮ್ಮ ಹೇಳಿದ್ದು ನೆನಪಿದೆಯಾ? ನನ್ನ ಕೈಲಿ ಆಗದ್ದನ್ನ ನೀವು ತುಂಬಿ. ಆಗೋದನ್ನ ಕಿತ್ಕೋಬೇಡಿ. ಏನಾಗಲ್ಲ ಅಂತ ನಾನೇ ಹೇಳ್ತೀನಿ, ಕೇಳ್ಕೊಳ್ಳಿ. ಔಷಧದ ಡಬ್ಬ ಲಾರಿಯಿಂದ ಇಳ್ಸಿ ಒಳಗೆ ತರೋಕೆ ನನ್ನ ಕೈಲಾಗಲ್ಲ. ಅದು ಡೇಚಾ. ಚೀಲದ ಮೇಲೆ ತಾರೀಖು ಇರುವೆ ಥರ ಅಚ್ಚು ಹಾಕಿರ್ತಾರೆ, ಕಾಣಲ್ಲ. ಅದು ಈ ಇರುವೆ ನೋಡ್ಲಿ."

"ನಾನು?" ಎಂದಳು ಕೇಸೊನ್. ಅವಳ ದನಿ ಹಾಗಿದ್ದದ್ದು ನಾನು ಎಂದೂ ಕೇಳಿರಲಿಲ್ಲ. "ಎಲ್ಲರಿಗೂ ಒಂದೊಂದು ಇದೆ. ನಂಗೆ ಏನೂ ಇಲ್ವಾ?"

ಅತ್ತೆ ಬಾಯಲ್ಲಿದ್ದದ್ದನ್ನು ನುಂಗಿ ಅವಳನ್ನು ನೋಡಿದರು. "ನಾನು ಒಳಗಿರುವಾಗ ಅಂಗಡೀಲಿ ಯಾರಿರ್ತಾರೆ?"

"ಯಾರೂ ಇಲ್ಲ."

"ಒಂದೇ ಹೊತ್ತಲ್ಲಿ ಎರಡು ಕಡೆ ಇರೋಕೆ ನನ್ನ ಕೈಲಾಗಲ್ಲ. ಅದು ನಿಂದು."

"ನಂಗೆ ಕುಟ್ಟೋಕೆ ಬರಲ್ಲ ಅಮ್ಮ. ನೀವೇ ಯಾವಾಗ್ಲೂ ಬೈತಿದ್ರಿ."

"ಇನ್ನೂ ಬೈತೀನಿ."

ಒಂದು ವಾರ ಕಳೆದು ಸಿರಿಲಕ್ ಬಂದರು. ಕೈ ತೊಳೆಯುವುದರಿಂದ ಮುಚ್ಚಳ ಹಾಕುವವರೆಗೆ ಅತ್ತೆ ಮಾಡಿದ್ದನ್ನು ಬಾಗಿಲ ಸಂದಿಯಿಂದ ನೋಡಿದರು, ಒಮ್ಮೆಯೂ ಬಾಯಿ ಹಾಕಲಿಲ್ಲ. ಹೋಗುವಾಗ ನನ್ನನ್ನು ಕರೆದು, ಇನ್ನು ಮುಂದೆ ತಾನು ಕಲಿಸುವವರಿಗೆಲ್ಲ ಬಳೆ ಉಂಗುರದ ಜೊತೆ ದಾರವನ್ನೂ ಸೇರಿಸಿ ಹೇಳುತ್ತೇನೆ ಎಂದರು. ಡಾಕ್ಟರು ಏನನ್ನುತ್ತಾರೋ ಎಂದು ನಾನು ಕೈ ಹಿಸುಕಿಕೊಂಡೆ. "ಅವರಿಗೆ ನಾನು ಹೇಳ್ತೀನಿ. ಒಪ್ಪದಿದ್ರೆ ಯಾಯ್‌ನ ಕಳಿಸ್ಕೊಡಿ," ಎಂದು ನಕ್ಕರು. ಡಾಕ್ಟರು ಒಪ್ಪಿದರು. ಆದರೆ ಒಪ್ಪಿದ್ದರಿಂದ ಸೋಂಕು ಬರುವುದೇ ಇಲ್ಲ ಎಂದೇನಲ್ಲವಲ್ಲ. ಮತ್ತೊಮ್ಮೆ ಬರಬಹುದು. ಯಾರು ಮಾಡಿದರೂ ಬರಬಹುದು. ನಾನು ಈಗಲೂ ತಾರೀಖನ್ನು ಎರಡೆರಡು ಸಲ ಓದುತ್ತೇನೆ, ನೆಲವನ್ನು ಎರಡೆರಡು ಸಲ ಒರೆಸುತ್ತೇನೆ.

ಕೇಸೊನ್ ಹೊಲಿಗೆ ಯಂತ್ರವನ್ನು ಇಲ್ಲಿಗೇ ತಂದು ಮಾಡಿನ ಮೂಲೆಯಲ್ಲಿಟ್ಟಳು. ಮಧ್ಯಾಹ್ನದ ಚೀಲದ ಹೊತ್ತಿಗೆ ಸೂಜಿ ಬಿಟ್ಟು ಒರಳಿನ ಮುಂದೆ ಕೂರುತ್ತಾಳೆ. ಮೊದಲ ದಿನ ಕಚೇರಿಯ ಗುಮಾಸ್ತ ಬಂದ. ಕೇಸೊನ್ ಕುಟ್ಟಿದ್ದನ್ನು ಒಂದು ತುತ್ತು ಬಾಯಿಗಿಟ್ಟು ಮುಚ್ಚಿದ ಕಿಟಕಿಯ ಕಡೆ ನೋಡಿದ.

"ಯಾಯ್ ಎಲ್ಲಿ?"

"ಒಳಗೆ. ಹೊಟ್ಟೆಗೆ ನೀರು ಬಿಡ್ತಿದಾರೆ."

"ಒಬ್ರೇನಾ? ನೀವು ಮಗಳಲ್ವಾ, ನೀವು ಮಾಡ್ಬಾರ್ದಾ?"

ಕೇಸೊನ್ ಅಳುತ್ತಾಳೆ ಎಂದುಕೊಂಡೆ. ಅವಳು ಕುಟ್ಟುವ ಕೋಲನ್ನು ಒರಳಿನೊಳಗೆ ಕುಕ್ಕಿ ನಿಲ್ಲಿಸಿದಳು.

"ನಿಮ್ಮ ಮೂಗು ನಿಮ್ಮಮ್ಮ ಒರೆಸಿ ಕೊಡ್ತಾರಾ?"

ಗುಮಾಸ್ತ ತಟ್ಟೆಯ ಕಡೆ ತಲೆ ತಗ್ಗಿಸಿದ. ಒಳಗಿನಿಂದ, ಮಾಸ್ಕಿನ ಮರೆಯಿಂದ, ಮುಚ್ಚಿದ ಕಿಟಕಿಯನ್ನು ತೂರಿಕೊಂಡು ಅತ್ತೆಯ ದನಿ ಬಂತು.

"ನಿಂಬೆ ಸಾಲ್ದು! ಆ ಕುಟ್ಟೋ ಸದ್ದೇ ಒಣಗಿದೆ. ಇನ್ನೊಂದು ಹಿಂಡು!"

"ಬಾಯಿ ಮುಚ್ಚಿ ನಿಮ್ಮ ಚೀಲ ನೋಡ್ಕೊಳ್ಳಿ ಅಮ್ಮ!" ಎಂದು ಕೇಸೊನ್ ಕೂಗಿದಳು. "ಇದು ನನ್ನ ಒರಳು!" ಎಂದವಳೇ ನಿಂಬೆಗೆ ಕೈಹಾಕಿದಳು.